ಚಾಕು ಏಳನೇ ನಿಮಿಷದಲ್ಲಿತ್ತು: ಒಂದು ಅಡಿಕೆ ಚಾನೆಲ್‌ನ ಪ್ರಕರಣ ಅಧ್ಯಯನ

ತೀರ್ಥಹಳ್ಳಿ ಸೀಮೆಯ ಮೂರೆಕರೆ ಅಡಿಕೆ ತೋಟ, ಒಂದು ಫೋನು, ಒಬ್ಬ ಅಣ್ಣ, ಒಬ್ಬಳು ತಂಗಿ. ಅಣ್ಣ ತೋಟದ ಕೆಲಸ ಮಾಡುತ್ತಲೇ ಮಾತಾಡುತ್ತಾನೆ. ತಂಗಿ ಅದನ್ನು ಚಿತ್ರೀಕರಿಸಿ, ಕತ್ತರಿಸಿ ಜೋಡಿಸಿ ಯೂಟ್ಯೂಬ್‌ಗೆ ಏರಿಸುತ್ತಾಳೆ. ಹದಿನಾಲ್ಕು ತಿಂಗಳಲ್ಲಿ 61 ವಿಡಿಯೊ ಆಗಿವೆ, ಹೆಚ್ಚುಕಡಿಮೆ ವಾರಕ್ಕೊಂದು. ಚಂದಾದಾರರು 412. ಹಿಂದಿನ 365 ದಿನಗಳ ವೀಕ್ಷಣಾ ಸಮಯ 386 ಗಂಟೆ. ಏಪ್ರಿಲ್ ಮುಗಿಯುವ ಹೊತ್ತಿಗೆ ಮನೆಯಲ್ಲಿ ಚಾನೆಲ್ ನಿಲ್ಲಿಸುವ ಮಾತು ಎದ್ದಿದೆ.

ಇದು ಯಾರೋ ಒಬ್ಬರ ಚಾನೆಲ್ ಅಲ್ಲ. ಮಲೆನಾಡಿನ ಸಣ್ಣ ಕನ್ನಡ ಚಾನೆಲ್‌ಗಳಲ್ಲಿ ಮತ್ತೆ ಮತ್ತೆ ಕಾಣುವ ಪರಿಸ್ಥಿತಿಯನ್ನು ಒಂದೇ ಮನೆಗೆ ತಂದು ಕಟ್ಟಿದ ಪ್ರಕರಣ. ಚಾನೆಲ್‌ನ ಅಂಕಿಗಳನ್ನು ಲೆಕ್ಕ ಬಿಡಿಸಿ ತೋರಿಸಲೆಂದು ಇಟ್ಟಿದೆ. ಯೂಟ್ಯೂಬ್‌ನ ನಿಯಮಗಳು ಮತ್ತು ತೋಟದ ಅಳತೆಗಳು ಇದ್ದದ್ದು ಇದ್ದಂತೆಯೇ ಇವೆ.

ನಾವು ಹಿಡಿದಿರುವ ಎಳೆ ಒಂದೇ. ಜನರ ಕಣ್ಣಿಗೆ ವಿಡಿಯೊ ಬೀಳದಿರುವುದು ಒಂದು ತೊಂದರೆ, ಕಣ್ಣಿಗೆ ಬಿದ್ದರೂ ಒತ್ತದಿರುವುದು ಇನ್ನೊಂದು, ಒತ್ತಿದವರು ನಿಲ್ಲದಿರುವುದು ಮೂರನೆಯದು. ಈ ಮೂರಕ್ಕೂ ಮದ್ದು ಬೇರೆ ಬೇರೆ. ಅಣ್ಣ-ತಂಗಿ ಹದಿನಾಲ್ಕು ತಿಂಗಳು ಒಂದರ ಮದ್ದನ್ನು ಇನ್ನೊಂದಕ್ಕೆ ಹಚ್ಚಿದರು. ಅದು ನಾಟದೆ ಹೋದಾಗ ತಮ್ಮಲ್ಲೇ ಏನೋ ಕೊರತೆಯಿದೆ ಎಂದುಕೊಂಡರು.

4,000 ಗಂಟೆಯ ಗೋಡೆ

ಮೊದಲು ಆ ಗೋಡೆಯ ಎತ್ತರ ಅಳೆಯೋಣ. 2017ರ ಏಪ್ರಿಲ್‌ನಿಂದ ಜಾಹೀರಾತು ಹಣಕ್ಕೆ ಬೇಕಿದ್ದದ್ದು ಚಾನೆಲ್‌ನ ಒಟ್ಟು 10,000 ವೀಕ್ಷಣೆ. 2018ರ ಜನವರಿ 16ರಂದು ಯೂಟ್ಯೂಬ್ ಅದನ್ನು 1,000 ಚಂದಾದಾರರು ಮತ್ತು 12 ತಿಂಗಳಲ್ಲಿ 4,000 ಗಂಟೆ ವೀಕ್ಷಣೆಗೆ ಏರಿಸಿತು. ಆಗ ಹೊರಬಿದ್ದ ಚಾನೆಲ್‌ಗಳಲ್ಲಿ ಶೇ. 99ರಷ್ಟು ಹಿಂದಿನ ವರ್ಷ 100 ಡಾಲರ್‌ಗಿಂತ ಕಡಿಮೆ ಗಳಿಸಿದ್ದವು ಎಂದು ಕಂಪನಿಯೇ ಹೇಳಿತ್ತು. ಈ ಮಾತನ್ನು ಪ್ರತಿ ಸಣ್ಣ ಚಾನೆಲ್‌ನವರೂ ನೆನಪಿಟ್ಟುಕೊಳ್ಳಬೇಕು, ಏಕೆಂದರೆ ಗೋಡೆ ದಾಟಿದ ಕೂಡಲೇ ಆಚೆ ಬದಿಯಲ್ಲಿ ಹಣದ ರಾಶಿ ಇರುವುದಿಲ್ಲ. 2023ರ ಜೂನ್‌ನಲ್ಲಿ ಒಂದು ಕೆಳಮೆಟ್ಟಿಲೂ ಬಂತು: 500 ಚಂದಾದಾರರು, ಹಿಂದಿನ 90 ದಿನಗಳಲ್ಲಿ 3 ಸಾರ್ವಜನಿಕ ವಿಡಿಯೊ, 12 ತಿಂಗಳಲ್ಲಿ 3,000 ಗಂಟೆ. ಇದನ್ನು ಮುಟ್ಟಿದರೆ ಸದಸ್ಯತ್ವ, ಸೂಪರ್ ಥ್ಯಾಂಕ್ಸ್‌ನಂಥ, ನೋಡುಗರೇ ನೇರವಾಗಿ ಹಣ ಕೊಡುವ ದಾರಿಗಳು ಸಿಗುತ್ತವೆ. ಜಾಹೀರಾತಿನ ಪಾಲಿಗೆ ಮಾತ್ರ ಹಳೆಯ 1,000 ಮತ್ತು 4,000 ಬೇಕೇ ಬೇಕು.

4,000 ಗಂಟೆ ಎಂದರೆ 2,40,000 ನಿಮಿಷ. ಒಬ್ಬ ನೋಡುಗ ಸರಾಸರಿ 4 ನಿಮಿಷ ನಿಂತರೆ 60,000 ವೀಕ್ಷಣೆ ಬೇಕು, ಅಂದರೆ ದಿನಕ್ಕೆ 165ರ ಹತ್ತಿರ. 2 ನಿಮಿಷ ಮಾತ್ರ ನಿಂತರೆ ದಿನಕ್ಕೆ 330. ಈ ಚಾನೆಲ್‌ನಲ್ಲಿ ಸರಾಸರಿ ನಿಲುಗಡೆ 2 ನಿಮಿಷ 10 ಸೆಕೆಂಡ್, ದಿನಕ್ಕೆ 29 ವೀಕ್ಷಣೆ. ಇದನ್ನು ಕಾಗದದ ಮೇಲೆ ಬರೆದು ನೋಡಿದಾಗ ಒಂದು ವಿಷಯ ಹೊಳೆಯುತ್ತದೆ. ನಿಲುಗಡೆಯನ್ನು ದುಪ್ಪಟ್ಟು ಮಾಡಿದರೆ ಬೇಕಾದ ವೀಕ್ಷಣೆ ಅರ್ಧಕ್ಕಿಳಿಯುತ್ತದೆ. ಎಷ್ಟು ಜನ ಬರುತ್ತಾರೆ ಎಂಬುದು ಪೂರ್ತಿ ನಮ್ಮ ಕೈಯಲ್ಲಿಲ್ಲ. ಬಂದವರು ನಿಲ್ಲುವಂತೆ ಮಾಡುವುದು ಬಹುಮಟ್ಟಿಗೆ ನಮ್ಮ ಕೈಯಲ್ಲೇ ಇದೆ.

ಇನ್ನೊಂದು ಎಚ್ಚರ. ಈ 12 ತಿಂಗಳು ಉರುಳುವ ಕಿಟಕಿಯಿದ್ದಂತೆ. ಇವತ್ತಿನ ಗಂಟೆಗಳು ಮುಂದಿನ ವರ್ಷ ಇದೇ ದಿನ ಲೆಕ್ಕದಿಂದ ಉದುರಿಹೋಗುತ್ತವೆ. ತೋಟದ ಚಾನೆಲ್‌ನಂತೆ ಹಂಗಾಮಿನ ಮೇಲೆ ನಡೆಯುವ ಚಾನೆಲ್‌ಗೆ ಇದರ ಪೆಟ್ಟು ಜಾಸ್ತಿ.

412 ಜನ ಯಾರು?

ಚಾನೆಲ್‌ನ ಲೆಕ್ಕ ತೋರಿಸುವ ಯೂಟ್ಯೂಬ್ ಸ್ಟುಡಿಯೊದಲ್ಲಿ ಚಂದಾದಾರರು ಯಾವ ವಿಡಿಯೊದಿಂದ ಬಂದರು ಎಂಬುದನ್ನು ತೆರೆದು ನೋಡಿದರೆ 412ರ ಒಳಗೆ ಮೂರು ಗುಂಪು ಕಾಣುತ್ತವೆ. ಸುಮಾರು 150 ಜನ "ನೀವು ನಮಗೆ ಸಬ್‌ಸ್ಕ್ರೈಬ್ ಮಾಡಿ, ನಾವು ನಿಮಗೆ ಮಾಡುತ್ತೇವೆ" ಎನ್ನುವ ವಾಟ್ಸ್‌ಆ್ಯಪ್ ಗುಂಪುಗಳಿಂದ ಬಂದವರು. ಅವರಲ್ಲಿ ಕನ್ನಡವೇ ಬಾರದವರೂ ಇದ್ದಾರೆ. ಈ ಕೊಡು-ಕೊಳ್ಳುವಿಕೆ ಯೂಟ್ಯೂಬ್‌ನ ನಕಲಿ ಸಂಖ್ಯೆಗಳ ನಿಯಮಕ್ಕೆ ವಿರುದ್ಧ, ಸಿಕ್ಕಿಬಿದ್ದರೆ ಸಂಖ್ಯೆ ಕಳೆಯುತ್ತಾರೆ, ಚಾನೆಲ್ಲೇ ಹೋಗಬಹುದು. ಸಿಕ್ಕಿಬೀಳದಿದ್ದರೂ ಪ್ರಯೋಜನವಿಲ್ಲ, ಬಂದವರು ಒಂದು ನಿಮಿಷವನ್ನೂ ನೋಡುವುದಿಲ್ಲ.

130 ಜನ ಫೆಬ್ರವರಿಯ ಒಂದು ಶಾರ್ಟ್ಸ್‌ನಿಂದ (ಯೂಟ್ಯೂಬ್‌ನ ಕಿರು ವಿಡಿಯೊ) ಬಂದವರು. ಆ ತಿಂಗಳು ತಂಗಿ ದಿನಕ್ಕೊಂದರಂತೆ ಶಾರ್ಟ್ಸ್ ಹಾಕಿದ್ದಳು. ಅಡಿಕೆ ಕೊನೆ ಕೊಯ್ಯುವ ಕೊನೆಗಾರ ಒಂದು ಮರದಿಂದ ಇನ್ನೊಂದು ಮರಕ್ಕೆ ಜೀಕಿ ಹಿಡಿಯುವ 22 ಸೆಕೆಂಡಿನ ತುಣುಕು 48,000 ವೀಕ್ಷಣೆ ಕಂಡಿತು. ಮನೆಯಲ್ಲಿ ಸಂಭ್ರಮವೋ ಸಂಭ್ರಮ. ಆದರೆ ಶಾರ್ಟ್ಸ್ ಫೀಡ್‌ನಲ್ಲಿ ನೋಡಿದ ಸಮಯ 4,000 ಗಂಟೆಯ ಲೆಕ್ಕಕ್ಕೆ ಸೇರುವುದಿಲ್ಲ. ಶಾರ್ಟ್ಸ್ ದಾರಿಯಲ್ಲೇ ಗೋಡೆ ದಾಟಬೇಕೆಂದರೆ 90 ದಿನಗಳಲ್ಲಿ 1 ಕೋಟಿ ವೀಕ್ಷಣೆ ಬೇಕು, ದಿನಕ್ಕೆ 1,11,000ಕ್ಕೂ ಮೇಲೆ. ಕೆಳಮೆಟ್ಟಿಲಿಗೂ 90 ದಿನಗಳಲ್ಲಿ 30 ಲಕ್ಷ. ಮರ ಜೀಕುವುದನ್ನು ನೋಡಿ ಬೆರಗಾದವನಿಗೆ ಸುಣ್ಣದ ಅಳತೆ ಬೇಕಿರಲಿಲ್ಲ. ಮಾರ್ಚ್‌ನಲ್ಲಿ ಉದ್ದ ವಿಡಿಯೊ ಹಾಕಿದಾಗ ಆ 130 ಜನರಲ್ಲಿ ಬಂದವರು ಬೆರಳೆಣಿಕೆ. ಅಣ್ಣನ ಉತ್ಸಾಹ ಕುಸಿದದ್ದು ಆಗಲೇ. 48,000 ನೋಡಿದ ಕಣ್ಣಿಗೆ 60 ಬಹಳ ಸಣ್ಣದಾಗಿ ಕಂಡಿತು.

ಶಾರ್ಟ್ಸ್ ಹಾಕಲೇಬಾರದು ಎಂದು ಇದರರ್ಥವಲ್ಲ. ಉದ್ದ ವಿಡಿಯೊದಲ್ಲಿರುವ ಪ್ರಶ್ನೆಯನ್ನೇ ಶಾರ್ಟ್ಸ್‌ನಲ್ಲಿ ಕೇಳಿ, "ಸಂಬಂಧಿತ ವಿಡಿಯೊ" ಎಂಬ ಜಾಗದಲ್ಲಿ ಉದ್ದ ವಿಡಿಯೊವನ್ನು ಕೂರಿಸಬೇಕು. ಶಾರ್ಟ್ಸ್‌ನ ವಿವರಣೆಯಲ್ಲಾಗಲಿ ಕಾಮೆಂಟಿನಲ್ಲಾಗಲಿ ಹಾಕಿದ ಲಿಂಕ್ 2023ರ ಆಗಸ್ಟ್ ಕೊನೆಯಿಂದ ಒತ್ತಲು ಬರುವುದಿಲ್ಲ, ಹಾಗಾಗಿ ಅಲ್ಲಿ ಹಾಕಿ ಉಪಯೋಗವಿಲ್ಲ.

ಉಳಿದವರು 132 ಜನ. ತೋಟದ ಮಾತು ಕೇಳಲೆಂದೇ ಬಂದವರು. ಚಾನೆಲ್ ನಿಜವಾಗಿ ಇರುವುದು ಈ 132ರಲ್ಲಿ.

ಒಂದು ವಿಡಿಯೊವನ್ನು ಬಿಚ್ಚಿ ನೋಡಿದಾಗ

ಅಡಿಕೆಯ ಕೊಳೆರೋಗಕ್ಕೆ ಬೋರ್ಡೊ (ಮೈಲುತುತ್ತ-ಸುಣ್ಣದ ಔಷಧಿ) ಹೊಡೆಯುವ ವಿಡಿಯೊ ಹಿಂದಿನ ವರ್ಷ ಜೂನ್ ಕೊನೆಯಲ್ಲಿ ಏರಿತ್ತು. ಶೀರ್ಷಿಕೆ "ನಮ್ಮ ತೋಟದಲ್ಲಿ ಇವತ್ತಿನ ದಿನ, ವ್ಲಾಗ್ 17". ಉದ್ದ 11 ನಿಮಿಷ 40 ಸೆಕೆಂಡ್. ಒಟ್ಟು 148 ವೀಕ್ಷಣೆ.

ಯೂಟ್ಯೂಬ್ ಅದರ ಥಂಬ್‌ನೇಲ್ (ವಿಡಿಯೊದ ಮುಖಚಿತ್ರ) ತೋರಿಸಿದ್ದು 2,900 ಸಲ, ಒತ್ತಿದವರು ಶೇ. 2.1, ಅಂದರೆ 61 ಜನ. ಉಳಿದ 87 ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಲಿಂಕ್‌ನಿಂದ. ಚಾನೆಲ್‌ಗಳಲ್ಲಿ ಮತ್ತು ವಿಡಿಯೊಗಳಲ್ಲಿ ಅರ್ಧದಷ್ಟಕ್ಕೆ ಹೀಗೆ ಒತ್ತುವ ಪ್ರಮಾಣ ಶೇ. 2ರಿಂದ 10ರ ನಡುವೆ ಇರುತ್ತದೆ ಎಂದು ಯೂಟ್ಯೂಬ್ ಹೇಳುತ್ತದೆ, ಆ ಲೆಕ್ಕದಲ್ಲಿ 2.1 ಕೆಳ ಅಂಚು. ಸರಾಸರಿ ನಿಲುಗಡೆ 1 ನಿಮಿಷ 35 ಸೆಕೆಂಡ್. ಇಷ್ಟನ್ನೇ ನೋಡಿದರೆ ವಿಡಿಯೊ ಸೋತಿತು ಎಂದು ಯಾರಾದರೂ ಹೇಳುತ್ತಾರೆ. ಅಣ್ಣನೂ ಹಾಗೆಂದೇ ಹೇಳಿದ್ದ.

ಆದರೆ ನೋಡುಗರು ಎಲ್ಲಿಂದ ಬಂದರು ಎಂಬುದನ್ನು ಬೇರೆ ಬೇರೆ ಮಾಡಿ ನೋಡಿ. ಹುಡುಕಿಕೊಂಡು ಬಂದವರು 19 ಜನ, ಅವರ ನಿಲುಗಡೆ 4 ನಿಮಿಷ 50 ಸೆಕೆಂಡ್. ಉಳಿದ 129 ಜನರದ್ದು 1 ನಿಮಿಷದ ಆಸುಪಾಸು. ಅತ್ತಿಗೆಯ ತವರಿನವರು, ಬೆಂಗಳೂರಿನ ಭಾವ, ಶಾಲೆಯ ಸಹಪಾಠಿಗಳು ಪ್ರೀತಿಯಿಂದ ಲಿಂಕ್ ಒತ್ತಿ, ಮುಖ ನೋಡಿ, ಒಂದು ಲೈಕ್ ಕೊಟ್ಟು ಹೊರಟಿದ್ದಾರೆ. ತಪ್ಪು ಅವರದ್ದಲ್ಲ, ಅವರಿಗೆ ತೋಟವೇ ಇಲ್ಲ. ಆದರೆ ಅವರ ನಿಮಿಷಗಳು ಸೇರಿಕೊಂಡು ಸರಾಸರಿ ಕಲಸಿಹೋಗುತ್ತದೆ, ನಿಜವಾದ ನೋಡುಗರು ಏನು ಮಾಡಿದರೆಂದು ತಿಳಿಯದಂತಾಗುತ್ತದೆ. ಹಂಚುವುದಾದರೆ ಬಂಧುಗಳ ಗುಂಪನ್ನು ಬಿಟ್ಟು ಬೆಳೆಗಾರರ ಗುಂಪಿಗೆ ಹಂಚಬೇಕು. ಅಲ್ಲಿಯೂ ಬರೀ ಲಿಂಕ್ ಎಸೆಯದೆ, ಯಾರಾದರೂ ಪ್ರಶ್ನೆ ಕೇಳಿದಾಗ ಉತ್ತರವಾಗಿ ಕೊಡಬೇಕು.

ಈಗ ವಿಡಿಯೊದ ಒಳಗೆ ಹೋಗೋಣ. ಮೊದಲ 25 ಸೆಕೆಂಡ್ ತಿರುಗುವ ಲೋಗೊ, ಸಂಗೀತ. ಆಮೇಲೆ ನಮಸ್ಕಾರ, ಸಬ್‌ಸ್ಕ್ರೈಬ್ ಮಾಡಿ, ಗಂಟೆ ಒತ್ತಿ, ಹಿಂದಿನ ವಿಡಿಯೊಗೆ ಬಂದ ಪ್ರತಿಕ್ರಿಯೆಗೆ ಧನ್ಯವಾದ. ಕೆಲಸ ಶುರುವಾಗುವುದು 1 ನಿಮಿಷ 25ನೇ ಸೆಕೆಂಡಿಗೆ. ಎಷ್ಟು ಜನ ಎಲ್ಲಿಯವರೆಗೆ ಉಳಿದರೆಂದು ಸ್ಟುಡಿಯೊ ತೋರಿಸುವ ರೇಖೆಯಲ್ಲಿ 30ನೇ ಸೆಕೆಂಡಿಗೆ ಉಳಿದವರು ನೂರಕ್ಕೆ 41. ಇಳಿಯುತ್ತಾ ಹೋದ ರೇಖೆ ಏಳನೇ ನಿಮಿಷದಲ್ಲಿ ಒಮ್ಮೆ ಉಬ್ಬಿ ಎದ್ದಿದೆ, ಎಂದರೆ ಜನ ಅಲ್ಲಿಗೆ ಹಾರಿ ಬಂದಿದ್ದಾರೆ, ಕೆಲವರು ಹಿಂದಕ್ಕೆಳೆದು ಮತ್ತೊಮ್ಮೆ ನೋಡಿದ್ದಾರೆ.

ಏಳನೇ ನಿಮಿಷದಲ್ಲಿ ಇರುವುದು ಚಾಕು.

ಶೇ. 1ರ ಬೋರ್ಡೊ ದ್ರಾವಣಕ್ಕೆ 1 ಕೆ.ಜಿ. ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ ಕರಗಿಸಬೇಕು, 1 ಕೆ.ಜಿ. ಸುಣ್ಣವನ್ನು ಇನ್ನೊಂದು 50 ಲೀಟರ್‌ನಲ್ಲಿ ಕದಡಬೇಕು. ಪಾತ್ರೆ ಪ್ಲಾಸ್ಟಿಕ್ಕಿನದ್ದೋ ಮಣ್ಣಿನದ್ದೋ ಆಗಿರಬೇಕು, ಕಬ್ಬಿಣ ಕೂಡದು. ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಸುರಿಯುತ್ತಾ ಕಲಕುತ್ತಿರಬೇಕು. ಹದ ಸರಿಯಾಯಿತೇ ಎಂದು ತಿಳಿಯಲು ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಅದ್ದಿ ಸ್ವಲ್ಪ ಹೊತ್ತು ಹಿಡಿಯುತ್ತಾರೆ. ಅಲಗಿನ ಮೇಲೆ ಕೆಂಪು ಕೂತರೆ ತಾಮ್ರ ಇನ್ನೂ ಬಿಡಿಯಾಗಿದೆ, ಸುಣ್ಣ ಸಾಲದು. ಹಾಗೇ ಹೊಡೆದರೆ ಎಳೆಗಾಯಿ ಸುಡುತ್ತದೆ. ಅಂಗಡಿಯಿಂದ ತಂದು ಬಾಯಿ ಬಿಚ್ಚಿಟ್ಟ ಸುಣ್ಣ ಗಾಳಿಗೆ ಸತ್ವ ಕಳೆದುಕೊಳ್ಳುತ್ತದೆ, ಆದ್ದರಿಂದ ಅಳತೆ ಸರಿಯಿದ್ದರೂ ಹದ ತಪ್ಪುತ್ತದೆ. ಬೆಳೆಗಾರನನ್ನು ಕಾಡುವುದು ಇದೇ. 1 ಕೆ.ಜಿ.ಗೆ 1 ಕೆ.ಜಿ. ಎಂಬ ಲೆಕ್ಕ ಅವನಿಗೆ ಬಾಯಿಪಾಠ. ಚಾಕು ಕೆಂಪಾದಾಗ ಏನು ಮಾಡಬೇಕು ಎಂಬುದನ್ನು ಅವನು ಕಣ್ಣಾರೆ ನೋಡಬೇಕು.

ಇಷ್ಟು ಬೆಲೆಯುಳ್ಳ ದೃಶ್ಯ ಚಾನೆಲ್‌ನ ಬಳಿ ಇತ್ತು. ಅದರ ಸುಳಿವು ಶೀರ್ಷಿಕೆಯಲ್ಲಿರಲಿಲ್ಲ, ಚಿತ್ರದಲ್ಲಿರಲಿಲ್ಲ, ಮೊದಲ ಆರು ನಿಮಿಷದಲ್ಲೂ ಇರಲಿಲ್ಲ. ಸಾಲದ್ದಕ್ಕೆ ಏರಿಸಿದ ಕಾಲವೂ ತಪ್ಪು. ಮೊದಲ ಸಿಂಪಡಣೆ ಮುಂಗಾರು ಹಿಡಿಯುವ ಮುನ್ನ ಆಗಬೇಕು, ಎರಡನೆಯದು 40–45 ದಿನದ ನಂತರ. ಜೂನ್ ಕೊನೆಯೆಂದರೆ ಮೊದಲನೆಯದು ಮುಗಿದಿರುತ್ತದೆ, ಎರಡನೆಯದಕ್ಕೆ ಇನ್ನೂ ದಿನವಿರುತ್ತದೆ. ಹುಡುಕುವವರೇ ಇಲ್ಲದ ವಾರದಲ್ಲಿ ವಿಡಿಯೊ ಹೊರಬಂದಿತ್ತು.

ಹಾಗಾಗಿ ಈ ಚಾನೆಲ್‌ನ ರೋಗಗಳು ಎರಡು. ಶೀರ್ಷಿಕೆ ಮತ್ತು ಸಮಯದಿಂದಾಗಿ ಕಣ್ಣಿಗೆ ಬೀಳುತ್ತಿಲ್ಲ. ಪೀಠಿಕೆಯಿಂದಾಗಿ ಬಂದವರು ನಿಲ್ಲುತ್ತಿಲ್ಲ. ವಸ್ತುವಿನಲ್ಲಿ ಕುಂದಿಲ್ಲ. ಹೊಸ ಕ್ಯಾಮೆರಾ ಕೊಂಡರೆ ಇವೆರಡೂ ವಾಸಿಯಾಗುವುದಿಲ್ಲ, ಆ ಯೋಚನೆ ಮನೆಯಲ್ಲಿ ಗಂಭೀರವಾಗಿಯೇ ನಡೆದಿತ್ತು.

ಮತ್ತೆ ಮಾಡಿದ್ದು

ಮೇ ತಿಂಗಳ ಎರಡನೇ ವಾರ ಅದೇ ವಿಷಯವನ್ನು ಹೊಸದಾಗಿ ಚಿತ್ರೀಕರಿಸಲು ಕೂತರು. ಹಳೆಯ ವಿಡಿಯೊವನ್ನು ಅಳಿಸಲಿಲ್ಲ. ಅಳಿಸಿದರೆ ಅದರ ಗಂಟೆಗಳು ಲೆಕ್ಕದಿಂದ ಹೋಗುತ್ತವೆ. ಖಾಸಗಿ ಮಾಡಿದರೂ ಅಷ್ಟೇ.

ಮೊದಲ ಜಗಳ ಪೀಠಿಕೆಯ ಮೇಲೆ.

"ಅಣ್ಣಯ್ಯ, ಮೊದ್ಲು ಚಾಕು ತೋರ್ಸು. ನಮಸ್ಕಾರ ಆಮೇಲೆ ಹೇಳಿದ್ರಾಯ್ತು."

"ಮನೆಗೆ ಬಂದೋರಿಗೆ ನಮಸ್ಕಾರ ಹೇಳ್ದೆ ಮಾತು ಶುರು ಮಾಡೋದು ಹ್ಯಾಗೆ ಮಾರಾಯ್ತಿ?"

ಅಣ್ಣನ ಮಾತಿನಲ್ಲಿ ನ್ಯಾಯವಿದೆ, ನಮ್ಮ ಕಡೆಯ ನಡತೆಯೇ ಹಾಗೆ. ದಾರಿ ಹೀಗೆ ಸಿಕ್ಕಿತು: ಮೊದಲ 4 ಸೆಕೆಂಡ್ ಕೆಂಪು ಕೂತ ಅಲಗು ತೆರೆಯ ತುಂಬ, ಹಿಂದಿನಿಂದ ಅಣ್ಣನ ಧ್ವನಿ: "ಚಾಕು ಹೀಗಾದ್ರೆ ಔಷಧಿ ಹೊಡೀಬೇಡಿ." ಮುಂದಿನ 2 ಸೆಕೆಂಡ್ ನಮಸ್ಕಾರ. ಆಮೇಲೆ ನೇರ ಕೆಲಸ. ಲೋಗೊ ತೆಗೆದುಹಾಕಿದರು. ಸಬ್‌ಸ್ಕ್ರೈಬ್ ಮಾತನ್ನು ಚಾಕು ಎರಡನೇ ಸಲ ಹೊಳಪಾಗಿ ಹೊರಬಂದ ಮೇಲೆ ಇಟ್ಟರು, ಒಂದೇ ವಾಕ್ಯ. ಕೆಲಸಕ್ಕೆ ಬಂತು ಎಂದು ನೋಡುಗನಿಗೆ ಅನ್ನಿಸಿದ ಗಳಿಗೆಯಲ್ಲಿ ಕೇಳಿದರೆ ಕೊಡುತ್ತಾನೆ.

ಶೀರ್ಷಿಕೆ: "ಬೋರ್ಡೊ ಹದ ಸರಿಯಿದೆಯಾ? ಚಾಕು ಪರೀಕ್ಷೆ, 100 ಲೀಟರ್‌ಗೆ ಸುಣ್ಣ ಎಷ್ಟು, ಅಡಿಕೆ ಕೊಳೆರೋಗ". ಶೀರ್ಷಿಕೆಗೆ 100 ಅಕ್ಷರದ ಮಿತಿಯಿದೆ, ಫೋನಿನಲ್ಲಿ ಪೂರ್ತಿ ಕಾಣುವುದೂ ಇಲ್ಲ, ಆದ್ದರಿಂದ ಪ್ರಶ್ನೆ ಮುಂದೆ ಇರಬೇಕು. ನಮ್ಮಲ್ಲಿ ಅನೇಕರು ಕನ್ನಡ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಹುಡುಕುತ್ತಾರೆ, ಇನ್ನು ಕೆಲವರು ಮೈಕ್ ಒತ್ತಿ ಕೇಳುತ್ತಾರೆ. ಅದಕ್ಕಾಗಿ ವಿವರಣೆಯ ಮೊದಲ ಎರಡು ಸಾಲು ಕನ್ನಡದಲ್ಲಿ, ಮೂರನೆಯ ಸಾಲು ಅದೇ ಮಾತು ಇಂಗ್ಲಿಷ್ ಅಕ್ಷರದಲ್ಲಿ. ಒಂದೇ ವಾಕ್ಯ ಸಾಕು. ಸಂಬಂಧವಿಲ್ಲದ ಪದಗಳನ್ನು ಸಾಲುಗಟ್ಟಿ ತುಂಬುವುದು ನಿಯಮಕ್ಕೂ ವಿರುದ್ಧ. ಟ್ಯಾಗ್‌ಗಳಿಗೆ ಹೆಚ್ಚು ಹೊತ್ತು ಕೊಡಬೇಕಿಲ್ಲ, ಅವುಗಳ ಪಾತ್ರ ಬಹಳ ಸಣ್ಣದು. ಕೊಳೆರೋಗವನ್ನು ಮಹಾಳಿ ಎನ್ನುವವರೂ ಇದ್ದಾರೆ, ಮೈಲುತುತ್ತವನ್ನು ಬರೀ ತುತ್ತ ಎನ್ನುವವರೂ ಇದ್ದಾರೆ. ಅಂಥ ಪರ್ಯಾಯ ಹೆಸರುಗಳಿಗೆ ಟ್ಯಾಗ್ ಸರಿಯಾದ ಜಾಗ.

ಥಂಬ್‌ನೇಲ್‌ನಲ್ಲಿ ಕನ್ನಡಕ್ಕೇ ವಿಶೇಷವಾದ ಒಂದು ಕಷ್ಟವಿದೆ. ಹಳೆಯ ಚಿತ್ರದ ಮೇಲೆ "ಅಡಿಕೆ ತೋಟದಲ್ಲಿ ಮುಂಗಾರು ಪೂರ್ವ ಔಷಧ ಸಿಂಪಡಣೆ" ಎಂದು ಬರೆದಿತ್ತು. ಫೋನಿನಲ್ಲಿ ಆ ಚಿತ್ರ ಹೆಬ್ಬೆರಳಿನಷ್ಟು. ಒತ್ತಕ್ಷರಗಳು ಮಸಿಯ ಚುಕ್ಕೆಯಾಗುತ್ತವೆ, ಅರ್ಕಾವೊತ್ತು ಮಾಯವಾಗುತ್ತದೆ, ಕೊನೆಯ ಪದದ ಮೇಲೆ ವಿಡಿಯೊದ ಉದ್ದ ತೋರಿಸುವ ಕಪ್ಪು ಪಟ್ಟಿ ಕೂರುತ್ತದೆ. ಹೊಸ ಚಿತ್ರದಲ್ಲಿ ಎರಡೇ ಪದ: "ಚಾಕು ಕೆಂಪಾದರೆ?" ಒಂದೂ ಒತ್ತಿಲ್ಲ. ಎಡಗಡೆ ದಪ್ಪ ಹಳದಿ ಅಕ್ಷರ, ಬಲಗಡೆ ನೀಲಿ ದ್ರಾವಣದ ಬಕೆಟ್ಟಿನ ಮೇಲೆ ಹಿಡಿದ ಕೆಂಪು ಅಲಗು, ಬಲಗಡೆ ಕೆಳಮೂಲೆ ಖಾಲಿ. ಅಳತೆ 1280×720. ತೋಟದ ನೆರಳಿನಲ್ಲಿ ಫೋನ್ ಎಲ್ಲವನ್ನೂ ಹಸಿರು ಮಾಡುತ್ತದೆ, ಅಂಗಳದ ಬೆಳಕಿಗೆ ಬಕೆಟ್ ತಂದಿಟ್ಟು, ತೆರೆಯ ಮೇಲೆ ಅಲಗನ್ನು ಒತ್ತಿ ಹಿಡಿದು ಬೆಳಕನ್ನು ಸ್ಥಿರ ಮಾಡಿಕೊಂಡ ಮೇಲೆ ನೀಲಿ ನೀಲಿಯಾಗಿಯೂ ಕೆಂಪು ಕೆಂಪಾಗಿಯೂ ಬಂದವು.

ಯೂಟ್ಯೂಬ್‌ನಲ್ಲಿ ಮೂರು ಥಂಬ್‌ನೇಲ್ ಹಾಕಿ ಹೋಲಿಸುವ ಸೌಲಭ್ಯವಿದೆ. ಸಣ್ಣ ಚಾನೆಲ್‌ಗೆ ಅದರಿಂದ ಉತ್ತರ ಸಿಗುವುದು ಕಷ್ಟ, ನಿರ್ಣಯಕ್ಕೆ ಬೇಕಾದಷ್ಟು ಜನರ ಕಣ್ಣಿಗೆ ಅದು ಬೀಳುವುದೇ ಇಲ್ಲ. ಬದಲಿಗೆ ಎರಡು ಚಿತ್ರಗಳನ್ನು ಫೋನಿನಲ್ಲಿ ಅಂಚೆಚೀಟಿಯಷ್ಟು ಚಿಕ್ಕದು ಮಾಡಿ, ಹಾಲಿನ ಡೇರಿಯಲ್ಲಿ ಸಿಗುವ ಐವರಿಗೆ ಎರಡು ಸೆಕೆಂಡ್ ತೋರಿಸಿ "ಏನು ಕಂಡಿತು?" ಎಂದು ಕೇಳಿದರೆ ಸಾಕು. "ಚಂದ ಇದೆಯಾ?" ಎಂದು ಕೇಳಬಾರದು. ಊರಿನಲ್ಲಿ ಯಾರೂ ಚಂದ ಇಲ್ಲ ಎನ್ನುವುದಿಲ್ಲ.

ಧ್ವನಿಯ ಬಗ್ಗೆ ಒಂದು ಮಾತು. ಪಂಪಿನ ಸದ್ದು, ತಗಡಿನ ಮೇಲಿನ ಮಳೆ, ಇವೆರಡರ ನಡುವೆ ಮಾತು ಕೇಳುವುದಿಲ್ಲ, ನೋಡುಗ ಮಸುಕು ಚಿತ್ರವನ್ನು ಸಹಿಸುತ್ತಾನೆ, ಕೇಳಿಸದ ಮಾತನ್ನು ಸಹಿಸುವುದಿಲ್ಲ. ಸಿಂಪಡಣೆಯ ದೃಶ್ಯವನ್ನು ಬೇರೆಯಾಗಿ ತೆಗೆದು, ಮಾತನ್ನು ರಾತ್ರಿ ಕಂಬಳಿ ರಾಶಿಯಿರುವ ಕೋಣೆಯಲ್ಲಿ ಧ್ವನಿಮುದ್ರಿಸಿದರು. ಸಾಧಾರಣ ಕಾಲರ್ ಮೈಕ್ ಸಾಕಾಯಿತು. ಚಾಕು ಅದ್ದುವ ದೃಶ್ಯಕ್ಕೆ ಮಾತ್ರ ಸ್ಥಳದಲ್ಲೇ ಹಿಡಿದ ಸದ್ದು.

ವಿಡಿಯೊ 6 ನಿಮಿಷ 10 ಸೆಕೆಂಡಿಗೆ ಬಂದು ನಿಂತಿತು. 1080 ಗುಣಮಟ್ಟಕ್ಕೆ ಸೆಕೆಂಡಿಗೆ 8 ಮೆಗಾಬಿಟ್ ಇಟ್ಟರೆ ಫೈಲ್ 370 ಎಂ.ಬಿ. ಹತ್ತಿರ. ಏರುವ ವೇಗ 2 ಮೆಗಾಬಿಟ್ ಇರುವ ಊರಿನಲ್ಲಿ ಇದಕ್ಕೆ 25 ನಿಮಿಷ ಬೇಕು. ಏರಿದ ಕೂಡಲೇ ಸಾರ್ವಜನಿಕ ಮಾಡಿದರೆ ಮೊದಲು ಬಂದವರಿಗೆ ಮಸುಕು ರೂಪವೇ ಕಾಣುತ್ತದೆ, ಸ್ಪಷ್ಟ ರೂಪ ತಯಾರಾಗಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಹಿಂದಿನ ರಾತ್ರಿಯೇ ಏರಿಸಿ ಮರುದಿನಕ್ಕೆ ಸಮಯ ನಿಗದಿ ಮಾಡಿಟ್ಟರು. ಅಧ್ಯಾಯಗಳನ್ನೂ ಹಾಕಿದರು: 0:00ಯಿಂದ ಶುರು, ಕನಿಷ್ಠ ಮೂರು, ಒಂದೊಂದೂ 10 ಸೆಕೆಂಡಿಗೆ ಕಡಿಮೆಯಿಲ್ಲದಂತೆ. ಚಾಕು ಪರೀಕ್ಷೆಗೆ ನೇರ ಹಾರಲು ದಾರಿ ಕೊಟ್ಟರೆ ನಿಲುಗಡೆ ಕಡಿಮೆಯಾಗದೇ ಎಂದು ಅಣ್ಣ ಕೇಳಿದ. ಬಕೆಟ್ ಮುಂದಿಟ್ಟುಕೊಂಡು ಕೈ ಒದ್ದೆ ಮಾಡಿಕೊಂಡು ನೋಡುವವನು ಬೇಕಾದಲ್ಲಿಗೆ ಹೋಗಲಿ, ಅವನು ಮುಂದಿನ ವರ್ಷವೂ ಇದೇ ವಿಡಿಯೊಗೆ ಬರುತ್ತಾನೆ. ಏರಿಸಿದ್ದು ಮೇ ಮೂರನೇ ವಾರ.

48 ಗಂಟೆಯ ಕಾಯಿಲೆ

ಈ ಪ್ರಕರಣದಲ್ಲಿ ನಮ್ಮನ್ನು ಹೆಚ್ಚು ತಟ್ಟಿದ್ದು ಇದು. ವಿಡಿಯೊ ಏರಿಸಿದ ಮೇಲೆ ಎರಡು ದಿನ ಅಣ್ಣ-ತಂಗಿ ಫೋನ್ ಬಿಡುತ್ತಿರಲಿಲ್ಲ. ಸ್ಟುಡಿಯೊ ತೆರೆದರೆ ಮೊದಲು ಕಾಣುವುದೇ ಹಿಂದಿನ ಹತ್ತು ವಿಡಿಯೊಗಳ ಪೈಕಿ ಇದು ಎಷ್ಟನೆಯದು ಎಂಬ ಅಂಕಿ. "10ರಲ್ಲಿ 9". ಹುಡುಕಾಟದಿಂದ ಬೆಳೆಯುವ ವಿಡಿಯೊಗೆ ಮೊದಲ 48 ಗಂಟೆಯ ಸ್ಥಾನ ಏನನ್ನೂ ಹೇಳುವುದಿಲ್ಲ. ಅದರ ಕಾಲ ಬರುವುದು ಮೋಡ ಕಟ್ಟಿದಾಗ. ಆದರೂ ಆ 9 ಎಂಬ ಅಂಕಿ ಇಬ್ಬರ ಎರಡು ದಿನವನ್ನೂ ತಿಂದುಹಾಕುತ್ತಿತ್ತು. ಅದರ ಬೆನ್ನಿಗೇ ಮುಂದಿನ ವಾರದ ವಿಡಿಯೊ ಅರೆಮನಸ್ಸಿನದ್ದಾಗುತ್ತಿತ್ತು.

ಫೋನಿನಿಂದ ಸ್ಟುಡಿಯೊ ಆ್ಯಪ್ ತೆಗೆದರು. ಕಾಮೆಂಟುಗಳಿಗೆ ಉತ್ತರ ಯೂಟ್ಯೂಬ್ ಆ್ಯಪ್‌ನಿಂದಲೇ ಬರೆಯಬಹುದು. ಲೆಕ್ಕ ನೋಡುವುದು ಭಾನುವಾರ ಮಧ್ಯಾಹ್ನ, ಕಂಪ್ಯೂಟರಿನಲ್ಲಿ, ಇಬ್ಬರೂ ಕೂತು. ನೋಟ್‌ಬುಕ್ಕಿನಲ್ಲಿ ಬರೆಯುವ ಅಂಕಿಗಳು ಎರಡೇ: ಹುಡುಕಿ ಬಂದವರ ಸರಾಸರಿ ನಿಲುಗಡೆ, 30ನೇ ಸೆಕೆಂಡಿಗೆ ಉಳಿದವರು ನೂರಕ್ಕೆ ಎಷ್ಟು. ಪಕ್ಕದ ಪುಟದಲ್ಲಿ ಆ ವಾರ ತಾವು ಬದಲಿಸಿದ್ದು ಏನು ಎಂದು ಒಂದು ಸಾಲು. ಚಂದಾದಾರರ ಸಂಖ್ಯೆ ತಿಂಗಳಿಗೊಮ್ಮೆ.

ಮೊದಲು ಒಂದು ವಿಡಿಯೊ ಜೋಡಿಸಲು 9 ಗಂಟೆ ಹೋಗುತ್ತಿತ್ತು, ಅದರಲ್ಲಿ ಮೂರು ಗಂಟೆ ಸಂಗೀತ, ಹಾರಾಡುವ ಅಕ್ಷರ, ದೃಶ್ಯ ಬದಲಾಗುವಾಗಿನ ಚಮತ್ಕಾರಗಳಿಗೆ. ಯಾರೂ ಕೇಳಿರದ ಕೆಲಸ ಅದು. ತೆಗೆದ ಮೇಲೆ 6 ಗಂಟೆಗೆ ಇಳಿಯಿತು. ವಾರಕ್ಕೊಂದು ಎಂಬ ಹಟವನ್ನು ತಿಂಗಳಿಗೆ ಎರಡಕ್ಕೆ ಇಳಿಸಿದರು. ಅಕ್ಟೋಬರ್‌ನಿಂದ ಜನವರಿವರೆಗೆ ಕೊಯ್ಲು, ಸುಲಿತ, ಬೇಯಿಸುವುದು, ಒಣಗಿಸುವುದು. ಆಗ ರಾತ್ರಿ ಹತ್ತಕ್ಕೂ ಕೈ ಬಿಡುವಿರುವುದಿಲ್ಲ. ಆ ದಿನಗಳಿಗೆಂದು ಸೆಪ್ಟೆಂಬರ್‌ನಲ್ಲೇ ಮೂರು ವಿಡಿಯೊ ತಯಾರಿಸಿ ಬುತ್ತಿ ಕಟ್ಟಿದರು. ಕೆಳಮೆಟ್ಟಿಲಿಗೆ ಅರ್ಜಿ ಹಾಕುವಾಗ ಹಿಂದಿನ 90 ದಿನಗಳಲ್ಲಿ 3 ವಿಡಿಯೊ ಇರಬೇಕೆಂಬ ನಿಯಮ ಎಡವುವುದು ಇಂಥ ಹಂಗಾಮಿನಲ್ಲೇ.

ಅಣ್ಣ ಒಮ್ಮೆ ಎರಡು ತಿಂಗಳು ಕ್ಯಾಮೆರಾ ಮುಂದೆ ಬರಲೇ ಇಲ್ಲ. ಯಾರೋ ಅವನ ಮಾತಿನ ಧಾಟಿಯನ್ನು ಆಡಿಕೊಂಡು ಬರೆದಿದ್ದರು. 61 ವಿಡಿಯೊಗಳ ಕಾಮೆಂಟುಗಳಲ್ಲಿ ಅಂಥದ್ದು ನಾಲ್ಕೋ ಐದೋ. ನೆನಪಿನಲ್ಲಿ ಉಳಿದದ್ದು ಅವೇ. ಸ್ಟುಡಿಯೊದ ಸೆಟ್ಟಿಂಗಿನಲ್ಲಿ ತಡೆಯಬೇಕಾದ ಪದಗಳ ಪಟ್ಟಿಗೆ ಜಾಗವಿದೆ. ಬೈಗುಳಗಳನ್ನು ಕನ್ನಡ ಲಿಪಿಯಲ್ಲೂ ಇಂಗ್ಲಿಷ್ ಅಕ್ಷರದಲ್ಲೂ, ಜನ ಬರೆಯುವ ಎರಡು-ಮೂರು ಕಾಗುಣಿತದಲ್ಲೂ ಸೇರಿಸಬೇಕು, ಒಂದೇ ರೂಪ ಹಾಕಿದರೆ ಉಳಿದವು ನುಸುಳುತ್ತವೆ. ಅನುಮಾನದ ಕಾಮೆಂಟುಗಳನ್ನು ತಡೆಹಿಡಿಯುವ ಆಯ್ಕೆಯನ್ನೂ ಹಾಕಿದರು. ಅವನ್ನು ಮೊದಲು ಓದುವ ಕೆಲಸ ತಂಗಿಯದ್ದು. ತೀರ್ಥಹಳ್ಳಿಯ ಮಾತನ್ನು ಬಿಟ್ಟು ಪುಸ್ತಕದ ಕನ್ನಡಕ್ಕೆ ಹೋಗುವ ಯೋಚನೆಯನ್ನು ಕೈಬಿಟ್ಟರು. ಸಾಗರದಲ್ಲೋ ಕೊಪ್ಪದಲ್ಲೋ ಕೂತು ನೋಡುವ ಬೆಳೆಗಾರನಿಗೆ ಅವನು ನಮ್ಮವನು ಅನ್ನಿಸುವುದೇ ಆ ಧಾಟಿಯಿಂದ.

ಒಂದು ವರ್ಷದ ನಂತರದ ಲೆಕ್ಕ

ಹೊಸ ಬೋರ್ಡೊ ವಿಡಿಯೊ ಮೊದಲ ವಾರ 140 ವೀಕ್ಷಣೆಯಲ್ಲಿ ನಿಂತಿತ್ತು. ಜೂನ್ ಮೊದಲ ವಾರ ಮಳೆಯ ಸುದ್ದಿ ಬರುತ್ತಲೇ ಏರಿತು, ಜುಲೈ ಎರಡನೇ ಸಿಂಪಡಣೆಯ ಹೊತ್ತಿಗೆ ಇನ್ನೊಮ್ಮೆ. ಸೆಪ್ಟೆಂಬರ್‌ನಲ್ಲಿ ಮಲಗಿತು. ವರ್ಷದ ಲೆಕ್ಕ 14,600 ವೀಕ್ಷಣೆ, ನಿಲುಗಡೆ 3 ನಿಮಿಷ 40 ಸೆಕೆಂಡ್, ಅಂದರೆ 892 ಗಂಟೆ. ಅದರ ಕೆಳಗೆ ಬಂದ ಒಂದು ಪ್ರಶ್ನೆ, "ಹಳೇ ಸುಣ್ಣ ಆದ್ರೆ ಎಷ್ಟು ಜಾಸ್ತಿ ಹಾಕ್ಬೇಕು?", ಮುಂದಿನ ವಿಡಿಯೊ ಆಯಿತು: ಸುಣ್ಣದ ನೀರನ್ನು ಸ್ವಲ್ಪ ಸ್ವಲ್ಪ ಸೇರಿಸುತ್ತಾ ಪ್ರತಿ ಸಲ ಚಾಕು ಅದ್ದಿ ನೋಡುವುದು. ಅದರ ನಂತರ ಎಲೆಚುಕ್ಕೆ ರೋಗ, ಕಾರ್ಬನ್ ಫೈಬರ್ ದೋಟಿಯ ಹಿಡಿತ, ಚೊಗರಿನ (ಅಡಿಕೆ ಬೇಯಿಸಿದ ಕಷಾಯದ) ಹದ. ಔಷಧಿಯ ಪ್ರಮಾಣ ಹೇಳುವಾಗ ವಿಟ್ಲದ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಕೇಂದ್ರದ್ದೋ ಶಿವಮೊಗ್ಗದ ಕೃಷಿ-ತೋಟಗಾರಿಕೆ ವಿಶ್ವವಿದ್ಯಾಲಯದ್ದೋ ಶಿಫಾರಸನ್ನು ತೆರೆಯ ಮೇಲೆ ಬರೆದೇ ಹೇಳುವ ಪದ್ಧತಿ ಇಟ್ಟುಕೊಂಡರು. ತಪ್ಪು ಅಳತೆಯ ವಿಡಿಯೊ ಹರಡಿದರೆ ಹಾಳಾಗುವುದು ಇನ್ನೊಬ್ಬರ ಫಸಲು.

ವರ್ಷದಲ್ಲಿ 24 ವಿಡಿಯೊ. ಚಂದಾದಾರರು 1,190. ವೀಕ್ಷಣಾ ಸಮಯ 2,310 ಗಂಟೆ, ಸರಾಸರಿ ನಿಲುಗಡೆ 3 ನಿಮಿಷ 20 ಸೆಕೆಂಡ್, ದಿನಕ್ಕೆ 114 ವೀಕ್ಷಣೆ. ಜಾಹೀರಾತಿನ ಗೋಡೆ ಇನ್ನೂ ದೂರ. ಕೆಳಮೆಟ್ಟಿಲಿನ 3,000 ಗಂಟೆಗೆ 690 ಬೇಕು, ಈಗಿನ ನಿಲುಗಡೆಯಲ್ಲಿ 12,400ರಷ್ಟು ವೀಕ್ಷಣೆ. ಮೇಲ್ನೋಟಕ್ಕೆ ಹತ್ತಿರವೇ. ಆದರೆ 2,310ರಲ್ಲಿ 892 ಒಂದೇ ವಿಡಿಯೊದ್ದು, ಅದರಲ್ಲೂ ಬಹುಪಾಲು ಹಿಂದಿನ ಜೂನ್-ಜುಲೈದು. ಈ ಜೂನ್ ಬರುತ್ತಲೇ ಆ ಗಂಟೆಗಳು ದಿನದಿನಕ್ಕೂ ಕಿಟಕಿಯಿಂದ ಜಾರತೊಡಗುತ್ತವೆ. ವಿಡಿಯೊ ಈ ಮಳೆಗಾಲದಲ್ಲೂ ಅಷ್ಟೇ ಓಡಿದರೆ ಜಾರಿದ್ದು ತುಂಬಿಕೊಳ್ಳುತ್ತದೆ, ಹೆಚ್ಚೇನೂ ಸೇರುವುದಿಲ್ಲ. ಸೇರಬೇಕಾದರೆ ಬೇರೆ ಹಂಗಾಮಿಗೆ ಇನ್ನೊಂದು ಇಂಥದ್ದೇ ವಿಡಿಯೊ ಬೇಕು.

ತಂಗಿ ನೋಟ್‌ಬುಕ್ಕಿನಲ್ಲಿ ನವೆಂಬರ್ ಎಂದು ಬರೆದು ಅದರ ಕೆಳಗೆ ಮೂರು ಪ್ರಶ್ನೆ ಪಟ್ಟಿ ಮಾಡಿದ್ದಾಳೆ, ಮೂರೂ ಕಾಮೆಂಟುಗಳಿಂದ ಎತ್ತಿದ್ದು: ಬೇಯಿಸಿದ ಅಡಿಕೆಗೆ ಬಣ್ಣ ಏಕೆ ಹಿಡಿಯಲಿಲ್ಲ, ಚೊಗರನ್ನು ಎಷ್ಟು ಒಬ್ಬೆಯವರೆಗೆ (ಬೇಯಿಸುವ ಸರದಿಯವರೆಗೆ) ಬಳಸಬಹುದು, ಮೋಡದ ದಿನ ಅಟ್ಟದ ಮೇಲೆ ಹರಡಿದ್ದು ಬೂಸ್ಟು ಹಿಡಿದರೆ ಏನು. ಮೊದಲನೆಯದರ ಪಕ್ಕದಲ್ಲಿ ಥಂಬ್‌ನೇಲ್‌ಗೆ ಎಂದು ಬರೆದುಕೊಂಡಿದ್ದಾಳೆ: ಒಂದು ಅಂಗೈಯಲ್ಲಿ ಎರಡು ಅಡಿಕೆ, ಒಂದು ಕೆಂಪು, ಒಂದು ಬಿಳಚು.